ಖಾಲಿ ಊರಿನಲ್ಲಿ ಸುಂದ್ರಮ್ಮ

ಹುಣಸಿಗುಂಡಕ್ಕೆ ಸರಕಾರ ಬಾವಿ ಕೊಟ್ಟಿತು ಎಂದು ಯಾರಾದರೂ ಅಂದರೆ ಸುಂದ್ರಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಗುತ್ತಿತ್ತು. ಸರಕಾರ ಕೊಟ್ಟದ್ದು ಒಂದು ಕಾಗದ. ಬಾವಿ ಕೊಟ್ಟದ್ದು ಕೇರಿ. ಆರಾಳು ಆಳ, ಅದರಲ್ಲಿ ಕೆಳಗಿನ ಮೂರಾಳು ಬರೀ ಕರಿಕಲ್ಲು. ಆ ಕಲ್ಲಿನ ಮೇಲೆ ಸುತ್ತಿಗೆ ಎತ್ತಿದವರಲ್ಲಿ ಮೊದಲಿನವನು ಅವಳ ಗಂಡ ಅಂಬ್ರಪ್ಪ.

ಪೋಲೀಸ್ ಆಕ್ಷನ್ ಆಗಿ, ನಿಜಾಮನ ರಾಜ್ಯ ಹೋಗಿ, ಅದು ಐದನೆಯ ಬೇಸಿಗೆ. ಬಾವಿಯ ಕೆಲಸ ಆ ಬೇಸಿಗೆಗೂ ಮೊದಲು, ಹಿಂದಿನ ದಸರೆ ಮುಗಿದ ಮಾರನೆಯ ದಿನವೇ ಸುರುವಾಗಿತ್ತು. ಊರ ಗೌಡನಾದ ಮಾಲಿಪಾಟೀಲ ಗುರಣ್ಣ ಚಾವಡಿ ಕಟ್ಟೆಯ ಮೇಲೆ ಕೂತು ಕೇರಿಯವರನ್ನೆಲ್ಲ ಕರೆಸಿ, "ಇದು ಊರ ಕೆಲಸ. ಊರವರೆಲ್ಲಾ ಕೈ ಹಚ್ಚಬೇಕು" ಎಂದಿದ್ದ. ಊರವರ ಕೈ ಎಂದು ಬಂದದ್ದು ಇಪ್ಪತ್ತು ಮಂದಿ ಗಂಡಸರದು, ಹದಿನಾಲ್ಕು ಮಂದಿ ಹೆಂಗಸರದು. ಇಪ್ಪತ್ತಕ್ಕಿಪ್ಪತ್ತೂ ಕೇರಿಯವು, ಹದಿನಾಲ್ಕಕ್ಕೆ ಹದಿನಾಲ್ಕೂ ಕೇರಿಯವು. ಊರಿನ ಬಾಯಿ ಮಾತ್ರ ಬೇವಿನ ನೆರಳಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತ, ಇನ್ನೂ ಆಳ ಹೋಗಲಿ, ಇನ್ನೂ ಆಳ ಹೋಗಲಿ ಅನ್ನುತ್ತಿತ್ತು.

ಸಂಕ್ರಾಂತಿಗೆ ಎರಡು ದಿನ ಇದೆ ಎನ್ನುವಾಗ ಕಲ್ಲು ತುಂಬಿದ ಬುಟ್ಟಿ ಮೇಲೆ ಬರುತ್ತಿತ್ತು, ಹಗ್ಗ ಹರಿಯಿತು. ಕೆಳಗೆ ಅಂಬ್ರಪ್ಪ ಇದ್ದ. ಎತ್ತಿ ತಂದಾಗ ಜೀವವಿತ್ತು. ಎರಡು ದಿನ ನರಳಿ, ಹಬ್ಬದ ದಿನ ಮಧ್ಯಾಹ್ನ ಹೋದ. ಗುರಣ್ಣ ಕೇರಿಯ ಬಾಯಿಗೆ ಬಂದು, ಒಳಗೆ ಕಾಲಿಡದೆ, ಬೇಲಿಯ ಆಚೆಯಿಂದಲೇ ಹೇಳಿದ್ದ: "ಊರಿನ ಸಲುವಾಗಿ ಸತ್ತಾನ. ಊರು ಮರೆಯಂಗಿಲ್ಲ."

ಅವನು ಸತ್ತ ಹದಿನೈದನೆಯ ದಿನಕ್ಕೆ ನೀರು ಬಿತ್ತು. ಸಿಹಿನೀರು, ಈ ಸವುಳು ನೆಲದಲ್ಲಿ ಯಾರೂ ನೆನೆಸಿರದಂಥದ್ದು. ಕಟ್ಟೆ ಕಟ್ಟಿದರು, ಮೇಲೆ ಹಗ್ಗ ಎಳೆಯುವ ಗಡಗಡಿ ಕೂರಿಸಿದರು, ತೆಂಗಿನಕಾಯಿ ಒಡೆದರು. ಮೆಟ್ಟಿಲ ಬಾವಿಯಾದರೆ ಇಳಿದವರ ಕಾಲಿಂದ ನಾರುಹುಣ್ಣು ಹರಡುತ್ತದೆಂದು ಸರಕಾರವೇ ಸೇದುವ ಬಾವಿ ಮಾಡಿಸಿತ್ತು. ಮಾರನೆಯ ದಿನ ಸುಂದ್ರಮ್ಮ ಕೊಡ ಹಿಡಿದು ಹೋದಳು. ಅವಳನ್ನು ಹತ್ತು ಮಾರು ದೂರದಲ್ಲೇ ತಡೆದು ಗುರಣ್ಣ ಹೇಳಿದ: "ಎಲ್ಲಿಗಿ ಬಂದಿ? ಇದು ಊರ ಬಾವಿ. ಕೇರಿ ಊರಾಗ ಬರ್ತದೇನು?"

ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂಬ ಗಾದೆ ಕಟ್ಟಿದವರು ಎಲ್ಲವನ್ನೂ ಉಂಡು ಕಟ್ಟಿದವರೇ ಇರಬೇಕು.

ಸುಂದ್ರಮ್ಮ ಅವತ್ತು ಖಾಲಿ ಕೊಡ ಹೊತ್ತು ಮರಳಿದಳು. ಮರಳುವ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಆ ಒಂದು ಮಾತು ಕುದಿಯುತ್ತಿತ್ತು. ಊರು. ಊರು ಅಂದರೆ ಏನು? ಊರು ಮಲಗಿತು ಅನ್ನುತ್ತಾರೆ, ಮಲಗುವುದು ಮಂದಿ. ಊರಿಗೆ ಬೆಂಕಿ ಬಿತ್ತು ಅನ್ನುತ್ತಾರೆ, ಉರಿಯುವುದು ಮಾಳಿಗೆ, ಚಪ್ಪರ. ಊರು ದಂಡ ಹಾಕಿತು ಅನ್ನುತ್ತಾರೆ, ಹಾಕಿದ್ದು ಚಾವಡಿ ಕಟ್ಟೆಯ ಐದು ಮೀಸೆ. ತಾಲೂಕಿನ ಗಿರದಾವರ ಸಾಹೇಬ ಕಂದಾಯದ ರಕಮು ವಸೂಲಿಗೆ ಬಂದರೆ ಊರು ಅಂದರೆ ಗಡಿಕಲ್ಲಿನಿಂದ ಗಡಿಕಲ್ಲಿನವರೆಗೆ ಇರುವ ನೆಲ, ಹಳ್ಳ, ಗುಡ್ಡ, ಕೇರಿ ಎಲ್ಲವೂ. ಇಷ್ಟಕ್ಕೂ ಈ ಊರು ಮೊದಲು ಇಲ್ಲಿರಲೇ ಇಲ್ಲ. ಅವಳ ಅತ್ತೆ ಹೇಳುತ್ತಿದ್ದಳು: ಹಿಂದೆ ಗಂಟುಬ್ಯಾನಿ, ಅಂದರೆ ಪ್ಲೇಗು, ಬಂದಾಗ ಗುಡ್ಡದಾಚೆ ಇದ್ದ ಗೋಡೆ, ಹಗೇವು, ಕಟ್ಟೆಗಳನ್ನೆಲ್ಲ ಅಲ್ಲೇ ಬಿಟ್ಟು ಮಂದಿ ಈ ಕಡೆ ಎದ್ದು ಬಂದರಂತೆ. ಆಗ "ಊರು ಇಲ್ಲಿಗೆ ಬಂತು" ಅಂದರಂತೆ. ಗೋಡೆ ಬಿಟ್ಟು ಊರು ಹೇಗೆ ಬರುತ್ತದೆ? ಬಂದದ್ದು ಮಂದಿ. ಆ ಮಂದಿಯ ಬಾಗಿಲು, ಕಂಬ, ತೊಲೆಗಳನ್ನು ತಲೆಯ ಮೇಲೆ ಹೊತ್ತು ತಂದವರು ಕೇರಿಯವರು. ತೊಲೆ ಊರಾಯಿತು, ಬಾಗಿಲು ಊರಾಯಿತು, ಹೊತ್ತ ತಲೆ ಮಾತ್ರ ಊರಾಗಲಿಲ್ಲ.

ಇದನ್ನೆಲ್ಲ ಅವಳು ಯಾರಿಗೂ ಬಿಡಿಸಿ ಹೇಳಲಿಲ್ಲ. ಹೇಳಿದರೆ ಕೇಳುವವರು ಯಾರು? ಮೂರು ತಿಂಗಳು ಕೇರಿಯ ಹೆಂಗಸರು ಮೊದಲಿನಂತೆ ಹಳ್ಳಕ್ಕೆ ಹೋಗಿ, ಉಸುಕು ತೋಡಿ, ವರತಿಯಲ್ಲಿ ಒಸರುವ ಕಲಕು ನೀರನ್ನು ಬೊಗಸೆಯಿಂದ ತುಂಬಿಕೊಂಡು ಬಂದರು. ಅವರ ಬೆನ್ನ ಹಿಂದೆ ಗಡಗಡಿ ಕಿರುಗುಟ್ಟುತ್ತಲೇ ಇತ್ತು.

ಬೇಸಿಗೆ ಏರುತ್ತಿದ್ದಂತೆ ವಾಂತಿಭೇದಿ ಬಂತು. ಮೊದಲು ಕೆಂಭಾವಿ ಸಂತೆಗೆ ಹೋಗಿ ಬಂದವರ ಬಾಯಲ್ಲಿ ಸುದ್ದಿಯಾಗಿ ಬಂತು, ಆಮೇಲೆ ಹಳ್ಳದ ಮೇಲ್ಗಡೆಯ ಎರಡು ಹಳ್ಳಿಗಳಿಗೆ ಹೆಣವಾಗಿ ಬಂತು. ಅಲ್ಲಿ ತೊಳೆದದ್ದೆಲ್ಲ ಹರಿದು ಬರುವುದು ಈ ವರತಿಗೇ. ಒಂದೇ ವಾರದಲ್ಲಿ ಕೇರಿಯಲ್ಲಿ ಮೂವರು ಸತ್ತರು. ಕೊನೆಯದು ಸುಂದ್ರಮ್ಮನ ಮೈದುನ ಮರಿಲಿಂಗಪ್ಪನ ಮಗಳು, ನಾಲ್ಕು ವರ್ಷದ ಕೂಸು. ಸಾಯುವ ಮುಂಚೆ ಅದು ಕೇಳಿದ್ದು ಒಂದೇ, ನೀರು. ಕೊಟ್ಟದ್ದು ಅದೇ ವರತಿಯ ನೀರು. ಬೇರೆ ಎಲ್ಲಿತ್ತು?

ಕೂಸನ್ನು ಮಣ್ಣು ಮಾಡಿ ಬಂದ ಕೈಯಲ್ಲೇ ಸುಂದ್ರಮ್ಮ ಚಾವಡಿಯ ಮುಂದೆ ನಿಂತಳು.

"ಗೌಡ್ರ, ಕೈ ಮುಗಿತೀನ್ರಿ. ನಾವು ಸೇದಂಗಿಲ್ಲ. ನಿಮ್ಮವರು ಯಾರರೆ ಸೇದಿ ದೂರಿಂದ ಹಾಕ್ರಿ. ಬ್ಯಾನಿ ಹೋಗೂ ತನಾ ಅಷ್ಟ."

"ಊರ ಹೆಣ್ಮಕ್ಕಳು ನಿಮ್ಮ ಕೇರಿಗಿ ನೀರು ಹೊರಬೇಕೇನು?" ಗುರಣ್ಣ ತಲೆ ಎತ್ತಲಿಲ್ಲ. "ನಿಮಗ ಹಳ್ಳ ಅದ. ಊರಿದ್ದಲ್ಲಿ ಹೊಲಗೇರಿ ಇರ್ತದ, ಅದಕ್ಕಂತ ಊರಿಂದು ಎಲ್ಲಾ ಹಂಚಾಕ ಆಗ್ತದೇನು? ನಡಿ, ನಡಿ."

ಕೈ ಮುಗಿದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆ ಬಂತು. ಆ ಕೈಗಳಿಗೆ ಇನ್ನೂ ಮಸಣದ ಮಣ್ಣು ಹತ್ತಿತ್ತು.

ಆ ವಾರವೇ ಊರಿನ ಹಿರಿಯರು ಕೂತು ಹೊರಬೀಡು ಮಾಡುವುದೆಂದು ಗೊತ್ತು ಮಾಡಿದರು. ಈ ಸೀಮೆಯವರಿಗೆ ಹೊರಬೀಡು ಹೊಸದಲ್ಲ. ಬೇನೆ ಬಂದರೆ ಒಂದು ಮಂಗಳವಾರ ಹೊತ್ತು ಮೂಡುವ ಮುಂಚೆ ಮಂದಿಯೆಲ್ಲ ಒಲೆ ಆರಿಸಿ, ಕದ ಇಕ್ಕಿ, ದನಕರು, ನಾಯಿ, ಕೋಳಿ ಸಮೇತ ಊರು ಬಿಟ್ಟು ಹೊಲದಲ್ಲಿ ಬೀಡು ಬಿಡಬೇಕು. ಊರಿಗೆ ಬರುವ ದಾರಿಗಳಿಗೆಲ್ಲ ಬೇವಿನ ತೋರಣ ಕಟ್ಟಬೇಕು. ಖಾಲಿ ಓಣಿಗಳಲ್ಲಿ ಮರಗಮ್ಮ ತಾಯಿ ಒಬ್ಬಳೇ ತಿರುಗಾಡಿ ಬೇನೆಯನ್ನು ಉಡಿಯಲ್ಲಿ ಕಟ್ಟಿಕೊಂಡು ಹೋಗುತ್ತಾಳೆ. ಹೊತ್ತು ಮುಳುಗುವ ತನಕ ಒಳಗೆ ಒಂದು ನರಪಿಳ್ಳೆ ಉಸಿರಾಡಬಾರದು. ಆಡಿದರೆ ಹೊರಬೀಡು ಕೆಟ್ಟಿತು, ಬೇನೆ ಇಮ್ಮಡಿಯಾಗಿ ತಿರುಗಿ ಬಂತು. ಅಲ್ಲದೆ ತೋರಣ ದಾಟಿ ಒಳಗೆ ಕಾಲಿಟ್ಟವನ ಮನೆಯಿಂದಲೇ ಮೊದಲ ಹೆಣ ಏಳುತ್ತದೆ. ಹೀಗೆಂದು ನಂಬದವರು ಹುಣಸಿಗುಂಡದಲ್ಲಿ ಯಾರೂ ಇರಲಿಲ್ಲ. ಸುಂದ್ರಮ್ಮನೂ ನಂಬಿದವಳೇ.

ಹಲಗೆ ಬಾರಿಸಿ ಸಾರುವ ಕೆಲಸ ಮರಿಲಿಂಗಪ್ಪನದು. ಮಗಳು ಸತ್ತು ಮೂರು ದಿನವಾಗಿರಲಿಲ್ಲ, ಹಲಗೆ ಹೆಗಲಿಗೇರಿಸಿ ಓಣಿ ಓಣಿ ಸುತ್ತಿ ಕೊನೆಗೆ ಕೇರಿಗೂ ಬಂದ. "ಮಂಗಳವಾರ ಹೊರಬೀಡದ! ಊರು ಖಾಲಿ ಆಗಬೇಕು! ಕೇರಿಯವರೂ ಹೊರಗ ಬೀಳಬೇಕು, ಊರಾಗ ಯಾರೂ ಉಳಿಯಬಾರದು!"

ರೊಟ್ಟಿ ಬಡಿಯುತ್ತಿದ್ದ ಸುಂದ್ರಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಮರಿಲಿಂಗಾ, ಏನಂದಿ? ಇನ್ನೊಮ್ಮಿ ಒದರು."

"ಅತ್ತಿಗಿ, ಗೌಡ್ರು ಹೇಳಿದ್ದನ್ನ ಸಾರೀನಿ."

"ಊರು ಖಾಲಿ ಆಗಬೇಕಂದ್ರ ಕೇರಿ ಯಾಕ ಹೊರಗ ಬೀಳಬೇಕು? ನಾವು ಊರಾಗ ಬರಂಗಿಲ್ಲಲ್ಲ?"

ಮರಿಲಿಂಗಪ್ಪ ಸುತ್ತ ನೋಡಿ ದನಿ ಇಳಿಸಿದ. "ಸುಮ್ಮನಿರು ಯವ್ವಾ. ದೇವರ ಮಾತದ. ನಾ ಒಂದು ಕಳಕೊಂಡೀನಿ, ಇನ್ನೂ ಎರಡು ಅದಾವ."

ಅವನ ಕಣ್ಣು ನೋಡಿ ಅವಳು ಒಳಗೆ ಹೋದಳು. ರೊಟ್ಟಿ ಬಡಿಯುತ್ತ ಅಂದುಕೊಂಡಳು: ನೀರಿಗೆ ಹೋದರೆ ನಾವು ಹೊರಗಿನವರು, ದೇವಿಗೆ ಹೆದರಿದಾಗ ನಾವು ಒಳಗಿನವರು. ಇವರ ಊರು ಎಂಬ ಮಾತಿಗೆ ಇವರೇ ಕದ, ಇವರೇ ಅಗಳಿ. ಬೇಕೆಂದಾಗ ತೆಗೆಯುತ್ತಾರೆ, ಬೇಡವೆಂದಾಗ ಜಡಿಯುತ್ತಾರೆ.

ಮಂಗಳವಾರ ನಸುಕಿನಲ್ಲಿ ಎಲ್ಲರೂ ಹೊರಟರು. ಗಂಟು, ಮಡಕೆ, ಕೂಸು, ಕುರಿ, ಕೋಳಿಪುಟ್ಟಿ. ಕೇರಿಯವರು ಎಲ್ಲರಿಗಿಂತ ಮೊದಲು ಹೊರಟು ಹಳ್ಳದ ಆಚೆ, ತಮ್ಮ ಗಾಳಿ ಊರವರಿಗೆ ಬೀಸದ ಕಡೆ ಹೋಗಿ ಕೂರಬೇಕೆಂಬುದು ರೂಢಿ. ಸುಂದ್ರಮ್ಮ ಅವರ ಜೊತೆ ಹಳ್ಳದವರೆಗೆ ಹೋದಳು. "ಮುಂದ ನಡೀರಿ, ಬಂದೆ" ಎಂದು ಜಾಲಿ ಗಿಡದ ಮರೆಗೆ ಸರಿದವಳು ಹೆಣ ಏಳುವುದಿದ್ದರೆ ತನ್ನದೇ ಏಳಲಿ ಎಂದು ಹಾಗೇ ಹಿಂದಕ್ಕೆ ತಿರುಗಿದಳು. ಕೇರಿಯ ಮನೆಮನೆ ಹೊಕ್ಕು ಸಿಕ್ಕ ಕೊಡ, ಗಡಿಗೆ, ಹರವಿಗಳನ್ನೆಲ್ಲ ಹೊರಗಿಟ್ಟಳು. ಹಗ್ಗ ಹೆಗಲಿಗೆ ಹಾಕಿಕೊಂಡು ಎರಡು ಕೊಡ ಎತ್ತಿಕೊಂಡು ಊರೊಳಗೆ ನಡೆದಳು.

ಇಪ್ಪತ್ತೈದು ವರ್ಷದ ಹಿಂದೆ ಮುದನಾಳದಿಂದ ಸೊಸೆಯಾಗಿ ಬಂದವಳು ಅವಳು. ಊರ ನಡುವಿನ ದಾರಿಯಲ್ಲಿ ತಲೆ ಎತ್ತಿ ನಡೆದದ್ದು ಅವತ್ತೇ ಮೊದಲು. ಸರಿದು ನಿಲ್ಲು ಎನ್ನುವವರಿಲ್ಲ, ನೆರಳು ತಾಗಿತೆಂದು ಬೈಯುವವರಿಲ್ಲ. ಗೋಡೆಗಳು ಬರೀ ಗೋಡೆಗಳಾಗಿ ನಿಂತಿದ್ದವು. ಚಾವಡಿ ಕಟ್ಟೆಯ ಮುಂದೆ ಒಂದು ಗಳಿಗೆ ನಿಂತು ನೋಡಿದಳು. ಬರೀ ನಾಲ್ಕು ಚಪ್ಪಡಿ ಕಲ್ಲು. ಇದಕ್ಕೆ ಇಷ್ಟು ವರ್ಷ ಹೆದರಿದೆನಲ್ಲ ಎಂದು ಉಗುಳಿದಳು. ಉಗುಳಿದ ಮೇಲೆ ದೇವಿಯ ನೆನಪಾಗಿ ಗಲ್ಲ ಬಡಿದುಕೊಂಡಳು. "ತಾಯಿ, ನಿನಗಲ್ಲವ್ವಾ. ನಿನ್ನ ಕೆಲಸ ನೀ ಮಾಡು, ನನ್ನ ಕೆಲಸ ನಾ ಮಾಡ್ತೀನಿ" ಎಂದು ಗಟ್ಟಿಯಾಗೇ ಹೇಳಿಕೊಂಡು ಬಾವಿಗೆ ಹೋದಳು.

ಮೊದಲ ಕೊಡ ಮೇಲೆ ಬಂದಾಗ ಅವಳಿಗೆ ಕುಡಿಯಲಾಗಲಿಲ್ಲ. ಈ ನೀರಿನ ತಳದಲ್ಲಿ ಅಂಬ್ರಪ್ಪನ ಕಾಲು ಮುರಿದಿತ್ತು, ಬೆನ್ನು ಮುರಿದಿತ್ತು. ಕಟ್ಟೆಗೆ ತಲೆ ಒರಗಿಸಿ ಎದೆ ಬಿಚ್ಚಿ ಅತ್ತಳು. ಆಮೇಲೆ ಬೊಗಸೆ ಒಡ್ಡಿ ಹೊಟ್ಟೆ ತುಂಬ ಕುಡಿದಳು. ನೀರು ಅಷ್ಟು ಸಿಹಿ ಇದ್ದದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು.

ಹೊತ್ತು ಮಾರೆತ್ತರ ಏರುವಷ್ಟರಲ್ಲಿ ಆರು ಕೊಡ ಸೇದಿ ಕೇರಿಗೆ ಹೊತ್ತು ಹಾಕಿದ್ದಳು. ಅವಳು ಲೆಕ್ಕಕ್ಕೆ ಹಿಡಿಯದೆ ಇದ್ದದ್ದು ಗಡಗಡಿಯ ಸದ್ದನ್ನು. ಊರಿನ ಸದ್ದಿನ ನಡುವೆ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅವತ್ತು ನಾಯಿ ಬೊಗಳುವಂತಿಲ್ಲ, ಕೋಳಿ ಕೂಗುವಂತಿಲ್ಲ. ಎಣ್ಣೆ ಕಾಣದ ಆ ಗಡಗಡಿ ಕಿರ್ರೆಂದದ್ದು ಹೊಲದಲ್ಲಿ ಬೀಡುಬಿಟ್ಟಿದ್ದ ಅಷ್ಟೂ ಮಂದಿಗೆ ಕೇಳಿಸಿತು. ಮೊದಮೊದಲು ಕೆಲವರು ತಾಯಿಯೇ ನೀರು ಸೇದುತ್ತಿದ್ದಾಳೆಂದು ಅಡ್ಡಬಿದ್ದರು. ಕುರುಬರ ಮಾಳಮ್ಮ ಕುರಿ ಹೊಡೆದುಕೊಂಡು ದಿಬ್ಬ ಹತ್ತಿದವಳು ನೋಡಿ ಕೂಗಿದಳು: "ಯವ್ವೋ! ಕೇರಿ ಸುಂದ್ರವ್ವ ಒಳಗ ಅದಾಳ!"

ದಡದಡನೆ ಮಂದಿ ಬೇವಿನ ತೋರಣದ ತನಕ ಓಡಿ ಬಂತು. ಅಲ್ಲಿಗೆ ಬಂದು ಗಕ್ಕನೆ ನಿಂತಿತು. ಬಾವಿ ತೋರಣದಿಂದ ಕೂಗಳತೆಯೂ ಇಲ್ಲ, ಮೂವತ್ತು ಮಾರು. ಬಡಿಗೆ ಹಿಡಿದ ಗಂಡಸರು ಹತ್ತಾರು. ಆದರೆ ತೋರಣ ದಾಟುವ ಗಂಡಸು ಒಬ್ಬನೂ ಇರಲಿಲ್ಲ, ಯಾಕೆಂದರೆ ದಾಟಿದವನ ಮನೆಯಿಂದಲೇ ಮೊದಲ ಹೆಣ.

ಸುಂದ್ರಮ್ಮ ಹಗ್ಗ ಬಿಡಲಿಲ್ಲ.

"ಏ ಸುಂದ್ರೀ!" ಗುರಣ್ಣನ ಕುತ್ತಿಗೆಯ ನರ ಉಬ್ಬಿತ್ತು. "ಹೊರಗ ಬಾ! ಊರಾಗ ಯಾರೂ ಇರಬಾರದು!"

"ಯಾರೂ ಇಲ್ಲಲ್ರೀ ಗೌಡ್ರ."

"ಮತ್ತ ನೀ ಯಾರು?"

"ನಾ ಊರಕಿ ಅಲ್ಲಲ್ರೀ. ನೀವ ಹೇಳೀರಿ, ಕೇರಿ ಊರಾಗ ಬರಂಗಿಲ್ಲಂತ. ನಾ ಇದ್ರೂ ಊರು ಖಾಲೀನ ಅದ. ಬೇಫಿಕರ್ ಕೂಡ್ರಿ."

ಯಾರೋ ಹಿಂದಿನಿಂದ ಕಲ್ಲು ಬೀಸಿದರು. ಅದು ಕಟ್ಟೆಗೆ ಬಡಿದು ಬಿತ್ತು. ಹೆಂಗಸರು ಕಿರುಚಿಕೊಂಡರು. ತಾಯಿ ತಿರುಗಾಡುವ ಹೊತ್ತಿನಲ್ಲಿ ಒಳಗೆ ಕಲ್ಲು ಒಗೆಯುತ್ತೀರೇನು, ಅವಳಿಗೆ ತಾಗಿದರೆ ಗತಿಯೇನು ಎಂದು ಒಗೆದವನ ತಾಯಿಯೇ ಅವನ ಬೆನ್ನಿಗೆ ಗುದ್ದಿದಳು.

"ಮಾತಿಗಿ ಮಾತು ಹಚ್ಚಬ್ಯಾಡ," ಗುರಣ್ಣ ಒದರಿದ. "ನೀರಿನ ಊರು ಬ್ಯಾರೆ, ಹೊರಬೀಡಿನ ಊರು ಬ್ಯಾರೆ."

"ಒಟ್ಟು ಎಷ್ಟು ಊರು ಅದಾವ್ರಿ? ಹೇಳಿಬಿಡ್ರಿ. ಬಿಟ್ಟಿ ಬೇಗಾರಕ್ಕ ಕರಿಯೂವಾಗ ನಾವು ಊರು. ಬಾವಿ ತೋಡೂವಾಗ ನಾವು ಊರು. ನನ್ನ ಗಂಡ ಸತ್ತದ್ದು ಊರಿನ ಸಲುವಾಗಿ. ಅವ ಸತ್ತ ಊರು ಯಾವುದು, ಈ ನೀರು ಕುಡಿಯೂ ಊರು ಯಾವುದು? ಊರಿಗಿ ಬಂದಾಕಿ ನೀರಿಗಿ ಬರದ ಇರ್ತಾಳೇನು ಅಂತ ಹೊಸಾ ಸೊಸಿ ಬಂದಾಗೆಲ್ಲಾ ಅಂತೀರಿ. ನಾ ಬಂದು ಇಪ್ಪತ್ತೈದು ವರ್ಷ ಆತು. ನೀರಿಗಿ ಇವತ್ತ ಬಂದೀನಿ."

ಆಗಲೇ ದಾರಿಯ ಕಡೆಯಿಂದ ಗಿರದಾವರ ಸಾಹೇಬ ಕುದುರೆ ಇಳಿದು ಬಂದ. ತಾಲೂಕಿನಿಂದ ಬಂದವನು. ಬಾವಿ ಮುಗಿದಿದೆ, ಊರಿನ ಬಳಕೆಗೆ ಬಿಟ್ಟಿದೆ ಎಂಬ ಕಾಗದಕ್ಕೆ ಹಿರಿಯರ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕಿತ್ತು. ಹೊರಬೀಡು ಎಂದು ಅವನಿಗೆ ತಿಳಿದಿರಲಿಲ್ಲ. ನಡೆದದ್ದನ್ನು ಕೇಳಿ ಟೋಪಿ ತೆಗೆದು ಬೆವರು ಒರೆಸಿಕೊಂಡ. ಹೊಸ ಕಾಯಿದೆ ಏನು ಹೇಳುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಧ್ಯಾಹ್ನದ ಊಟ ಗುರಣ್ಣನ ಬೀಡಿನಲ್ಲಿ ಎಂಬುದೂ ಗೊತ್ತಿತ್ತು.

"ಪಾಟೀಲ್ರೇ, ನಮ್ಮ ದಫ್ತರದಾಗ ಮೌಜೆ ಅಂದ್ರ ಕೇರಿನೂ ಸೇರಿ ಅದ," ಅಂದ ಅಳುಕುತ್ತ. "ಆದ್ರ ಅದು ದಫ್ತರದ ಮಾತು."

"ದಫ್ತರದ ಮಾತು ದಫ್ತರದಾಗ ಇರಲಿ ಸಾಹೇಬ್ರ," ಎಂದ ಗುರಣ್ಣ.

ಸುಂದ್ರಮ್ಮನಿಗೆ ಎರಡೂ ಕೇಳಿಸಿದವು. ಕಟ್ಟೆಯ ಮೇಲೆ ಹತ್ತಿ ನಿಂತಳು. ನಲವತ್ತೈದರ ಒಣ ಹೆಂಗಸು, ಸೀರೆಯೆಲ್ಲ ನೀರು.

"ಸಾಹೇಬ್ರ ಕಾಗದದಾಗ ಬರೀರಿ. ಕೇರಿ ಊರಾಗ ಅದ ಅಂತ ಬರೀರಿ. ಹಿರ್ಯಾರು ಐದೂ ಮಂದಿ ಹೆಬ್ಬಟ್ಟ ಒತ್ತಲಿ. ಗೌಡ್ರು ತಮ್ಮ ಬಾಯಾಗ ಎಲ್ಲಾರಿಗಿ ಕೇಳೂವಂಗ ಹೇಳಲಿ. ಹೇಳಿದ್ರ ನಾ ಊರಕಿ ಆದೆ, ಊರವರ ಜೋಡಿ ಹೊರಗ ಬರ್ತೀನಿ. ಇಲ್ಲಂದ್ರ ನಾ ಊರಕಿ ಅಲ್ಲ, ಹೊತ್ತು ಮುಳುಗೂ ತನಾ ಇಲ್ಲೇ ಇರ್ತೀನಿ. ನಿಮಗ ಯಾವುದು ಬೇಕು ಆರಿಸಿಕೊಳ್ರಿ."

ಗುರಣ್ಣ ಹಲ್ಲು ಕಡಿದ. ಹೇಳಿದರೆ ಬಾವಿ ಹೋಯಿತು, ಹೇಳದಿದ್ದರೆ ಹೊರಬೀಡು ಹೋಯಿತು. ಅವನ ತಲೆಯಲ್ಲಿ ಅದೇ ತೂಗುತ್ತಿದ್ದಾಗ ಮಾಳಮ್ಮ ಮುಂದೆ ನುಗ್ಗಿ ಬಂದಳು. ಅವಳ ಕಂಕುಳಲ್ಲಿ ಕೂಸಿತ್ತು.

"ಏನ್ ವಿಚಾರ ಮಾಡಾಕತ್ತೀರಿ ಗೌಡ್ರ? ಹೇಳಿಬಿಡ್ರಿ! ನಾಳಿ ನನ್ನ ಕೂಸು ಹೋದ್ರ ನಿಮ್ಮ ಮೀಸಿ ತಂದು ತೊಟ್ಟಲದಾಗ ಹಾಕ್ಲೇನು?"

ಆ ಮಾತಿಗೆ ಮಿಕ್ಕ ಹೆಂಗಸರೂ ದನಿ ಕೂಡಿಸಿದರು. ಕೇರಿಯ ಮೇಲಿನ ಪ್ರೀತಿಯಿಂದಲ್ಲ. ಅವರಿಗೂ ಕೂಸುಗಳಿದ್ದವು. ಹಳ್ಳದ ಆಚೆಯಿಂದ ಕೇರಿಯವರೂ ಬಂದು ದೂರ ನಿಂತಿದ್ದರು, ಮರಿಲಿಂಗಪ್ಪ ಎಲ್ಲರಿಗಿಂತ ಮುಂದೆ.

ಗುರಣ್ಣ ನೆಲ ನೋಡುತ್ತ ಹೇಳಿದ. "ಕೇರಿ ಊರಾಗ ಅದ."

"ಕೇಳಲಿಲ್ರೀ."

"ಕೇರಿ ಊರಾಗ ಅದ!" ಅವನು ಅಬ್ಬರಿಸಿದ.

ಗಿರದಾವರ ಜೀನಿನ ಮೇಲೆ ಕಾಗದ ಇಟ್ಟುಕೊಂಡು ಉರ್ದುವಿನಲ್ಲಿ ಬರೆಯತೊಡಗಿದ. "ಯಾವ ಭಾಷಾದಾಗರೆ ಬರೀರಿ, ಓದೂದು ನಮ್ಮ ಭಾಷಾದಾಗ ಓದ್ರಿ" ಎಂದು ಸುಂದ್ರಮ್ಮ ಕೂಗಿದಳು. ಅವನು ಓದಿದ. ಮೌಜೆ ಹುಣಸಿಗುಂಡದ ಕೇರಿಯು ಊರಿನೊಳಗಿನದೇ ಎಂದೂ, ಸರಕಾರಿ ಬಾವಿಯು ಆ ಊರಿನದೆಂದೂ. ಐದು ಹೆಬ್ಬೆಟ್ಟು ಬಿದ್ದವು. ಆಮೇಲೆ ಅವಳು ಕಟ್ಟೆ ಇಳಿದು, ಸೆರಗು ಹಿಂಡಿಕೊಂಡು, ತೋರಣದ ಕೆಳಗೆ ಬಗ್ಗಿ ಹೊರಗೆ ಬಂದಳು. ಬಡಿಗೆ ಹಿಡಿದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಗೆದ್ದೆನೆಂದು ಅವಳಿಗೆ ಅನ್ನಿಸಲಿಲ್ಲ. ಒಂದು ಮಾತು ಹೇಳಿಸಲಿಕ್ಕೆ ಒಂದು ಗಂಡ, ಒಂದು ಕೂಸು ಬೇಕಾಯಿತಲ್ಲ ಎಂದುಕೊಳ್ಳುತ್ತ ಕೇರಿಯವರ ಕಡೆ ನಡೆದಳು.

ಹೊತ್ತು ಮುಳುಗಿದ ಮೇಲೆ ಎಲ್ಲರೂ ಒಳಗೆ ಹೋದರು.

ಮಾರನೆಯ ದಿನ ಬೆಳಗಾಗುತ್ತಲೇ ಕೇರಿಯ ಹೆಂಗಸರು ಹದಿನಾಲ್ಕೂ ಮಂದಿ ಕೊಡ, ಹಗ್ಗ ಹಿಡಿದು ಬಾವಿಗೆ ಹೊರಟರು. ಸುಂದ್ರಮ್ಮ ಮುಂದೆ. ದೂರದಿಂದಲೇ ಕಂಡಿತು. ಬಾವಿಯ ಬಾಯಿಗೆ ಆಳೆತ್ತರ ಜಾಲಿಮುಳ್ಳು ಒಟ್ಟಿದ್ದರು. ಪಕ್ಕದಲ್ಲಿ ಗುರಣ್ಣ, ಅವನ ಜೊತೆ ನಾಲ್ವರು ಹಿರಿಯರು. ಅವರ ಕಾಲಡಿ ಹಲಗೆ ಹೊತ್ತ ಮರಿಲಿಂಗಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಗಿರದಾವರ ಕತ್ತಲಿರುವಾಗಲೇ ಕುದುರೆ ಏರಿ ಹೋಗಿದ್ದ, ಕಾಗದ ಅವನ ಚೀಲದಲ್ಲಿ.

ಗುರಣ್ಣ ಅವತ್ತು ಸಿಟ್ಟಾಗಿರಲಿಲ್ಲ. ನಗುತ್ತಿದ್ದ.

"ಬರ್ರಿ, ಬರ್ರಿ. ನಿನ್ನಿ ಆಡಿದ ಮಾತಿಗಿ ನಾ ತಪ್ಪಂಗಿಲ್ಲ. ನೀವೂ ಊರವರು. ರಾತ್ರಿ ಊರು ಕೂಡಿ ಒಂದು ಠರಾವು ಮಾಡ್ಯದ. ಇದು ರಗತ ಬಿದ್ದ ಬಾವಿ. ಊರು ಇದನ್ನ ಬಿಟ್ಟದ, ಮೊದಲಿನ ಸವುಳು ನೀರ ಸಾಕಂದದ. ಇನ್ನ ಮ್ಯಾಲ ಊರವರು ಯಾರೂ ಇದರ ನೀರು ಮುಟ್ಟಬಾರದು. ಊರವರಾದ ಮ್ಯಾಲ ಊರ ಮಾತು ನೀವೂ ಮೀರಬಾರದು ನೋಡ್ರಿ."

ಹಿರಿಯರೊಬ್ಬರು ಮೀಸೆಯಡಿಯಲ್ಲೇ ನಕ್ಕರು. ಹೊರಗಿಟ್ಟು ಕೊಂದದ್ದು ಸಾಲದೆಂದು ಈಗ ಒಳಗೆ ಸೇರಿಸಿಕೊಂಡು ಕೊಲ್ಲುತ್ತಿದ್ದಾರೆಂದು ಸುಂದ್ರಮ್ಮನಿಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಆ ಉಸಿರು ಬಿಟ್ಟಾಗ ಅವಳಲ್ಲಿ ಅಂಜಿಕೆ ಎಂಬುದು ಒಂದು ಚೂರೂ ಉಳಿದಿರಲಿಲ್ಲ.

"ಮೂರು ತಿಂಗಳು ಗುಟಗುಟ ಕುಡಿಯೂವಾಗ ರಗತ ನೆಪ್ಪಿಗಿ ಬರಲಿಲ್ಲೇನ್ರಿ?" ಎಂದಳು. "ರಾತ್ರಿ ಊರು ಕೂಡಿತ್ತಂತೀರಿ. ನಾನೂ ಊರಕಿ, ನನ್ನ ಕರೀಲಿಲ್ಲ. ಈ ಹೆಣ್ಮಕ್ಕಳನ್ನ ಕರೀಲಿಲ್ಲ. ಕುರುಬರ ಮಾಳವ್ವನ್ನರೆ ಕರದಿದ್ರೇನು? ಐದು ಮಂದಿ ಕೂಡಿದ್ರ ಅದಕ್ಕ ಊರು ಅನ್ನಂಗಿಲ್ಲ, ಐದು ಮಂದಿ ಅಂತಾರ."

ಕೊಡ ಕೆಳಗಿಟ್ಟು ಬರಿಗೈಯಲ್ಲಿ ಮುಳ್ಳಿನ ಟೊಂಗೆಗೆ ಕೈ ಹಾಕಿದಳು. ಎಳೆದಳು. ಅಂಗೈ ಹರಿದು ನೆತ್ತರು ಬಂತು, ನೋಡಲಿಲ್ಲ. ಎರಡನೆಯ ಟೊಂಗೆ ಎಳೆಯುವಾಗ ಉಳಿದ ಹೆಂಗಸರು ಬಂದು ಸುತ್ತುವರಿದರು.

ಗುರಣ್ಣನ ನಗು ಹೋಯಿತು. "ಏ ಮರಿಲಿಂಗಾ! ಏನ್ ನೋಡಾಕತ್ತೀ? ಓಡು, ಹಲಗಿ ಹೊಡಿ! ಮಂದೀನ ಕರಿ!"

ಮರಿಲಿಂಗಪ್ಪ ಎದ್ದ. ಹೆಗಲ ಮೇಲಿನ ಹಲಗೆ ತೆಗೆದ. ಅದನ್ನು ಗುರಣ್ಣನ ಕಾಲ ಹತ್ತಿರ ನೆಲಕ್ಕಿಟ್ಟ. "ನೀವ ಹೊಡೀರಿ" ಎಂದಷ್ಟೇ ಹೇಳಿ ಮುಳ್ಳಿನ ಹೊರೆಗೆ ಹೆಗಲು ಕೊಟ್ಟು ಒಂದೇ ಸಲಕ್ಕೆ ಅರ್ಧ ಹೊರೆಯನ್ನು ಆಚೆ ಉರುಳಿಸಿದ. ಕಲ್ಲು ಒಡೆದ ತೋಳು ಅದು. ಆ ಬಾವಿಯ ಒಂದೊಂದು ಕಲ್ಲೂ ಅದಕ್ಕೆ ಪರಿಚಯ.

ಹಿರಿಯರು ಹಿಂದೆ ಸರಿದರು. ಮುಟ್ಟಿ ತಡೆಯಬೇಕೆಂದರೆ ಮೈಲಿಗೆ, ಬಡಿಗೆ ಎತ್ತಬೇಕೆಂದರೆ ಎದುರಿಗೆ ಹದಿನಾಲ್ಕು ತಾಮ್ರದ ಕೊಡ. ಸುಂದ್ರಮ್ಮ ನೆತ್ತರಿನ ಕೈಯಲ್ಲೇ ಹಗ್ಗ ಬಿಟ್ಟಳು. ಕೊಡ ನೀರಿಗೆ ಬಿದ್ದ ಸದ್ದು ಮೇಲೆ ಬಂತು. ಆಗ ಅವಳು ಗುರಣ್ಣನ ಕಡೆ ತಿರುಗಿದಳು.

"ನಿಂತು ಏನ್ ನೋಡ್ತೀರಿ ಗೌಡ್ರ? ಊರಿಗಿ ಹೋಗಿ ಹೇಳ್ರಿ. ಊರು ನೀರು ಸೇದಾಕತ್ತದ ಅಂತ ಹೇಳ್ರಿ."